ಎಡಬಾಗಿಲ ಬಳಿ

ಯಾವಾಗಿನಿಂದ ಈ ಗುಂಯ್‌ಗುಟ್ಟುವ ಸದ್ದು, ಎಂದು ಕೇಳುತ್ತಾಳೆ ಇಫ್ರಾ,
ಶೆಫೀಲ್ಡಿನ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ
ಪೆನ್ನಿನ ತುದಿ ಕಾಗದಕ್ಕೆ ತಾಗಿಸಿ.
ಅವಳಿಗೆ ಇಸವಿ ಬೇಕು. ನನ್ನಲ್ಲಿರುವುದು ಬಸ್ಸಿನ ನಂಬರು.

ಮೂವತ್ತೇಳು. ಕೊನೆಯದು ಹನ್ನೊಂದೂ ಹತ್ತಕ್ಕೆ.
ತಪ್ಪಿದರೆ ಮೂರು ಮೈಲಿ ಗುಡ್ಡ ಹತ್ತಬೇಕು, ಜಿಟಿಜಿಟಿಯಲ್ಲಿ.
ಅದಕ್ಕೇ ನಾನೂ ಗ್ಲೆನಿಸಳೂ ಎಲ್ಲಿಗೆ ಹೋದರೂ
ಎಡಬಾಗಿಲಿಗೆ ಅಂಟಿಕೊಂಡು ನಿಲ್ಲುತ್ತಿದ್ದೆವು.
ಸ್ಪೀಕರುಗಳ ಗೋಪುರವೂ ಅಲ್ಲೇ ಇರುತ್ತಿತ್ತು.
ಹೀಗೆ, ಕಂತು ಕಂತಾಗಿ, ಬಸ್ಸಿಗೊಂದು ಕಿವಿ ಕೊಟ್ಟೆ.

ದೊಡ್ಡ ಅರೀನಾದಲ್ಲಿ ಹನ್ನೆರಡು ಸಾವಿರ ಜನ.
ಹಾಡುವವಳು ನನ್ನ ಹೆಬ್ಬೆಟ್ಟಿನ ಉಗುರಿನಷ್ಟು.
ಉಗುರು ಕೈ ಎತ್ತಿದರೆ ಸಾಲು ಸಾಲೇ ಕೈ ಎತ್ತಿತು.
ಯಾವ ಹಾಡು? ಕೇಳಬೇಡಿ. ಮುಂದಿದ್ದವನ ಒದ್ದೆ ಕೋಟಿನ ಹಬೆ,
ಪ್ಲಾಸ್ಟಿಕ್ ಲೋಟ ಕಾಲಡಿ ಮುರಿದ ಸದ್ದು,
ಮತ್ತೆ, ಆ ತಳದ ಸ್ವರ ಎದ್ದಾಗ
ನನ್ನ ಎದೆಗೂಡನ್ನು ಯಾರೋ ಖಂಜಿರದ ಹಾಗೆ ಎತ್ತಿ ಹಿಡಿದು
ಬೆರಳಲ್ಲಿ ಕೊಟ್ಟ ಒಂದೇ ಒಂದು ಪೆಟ್ಟು.
ಅಷ್ಟಕ್ಕೆ ವಾರದ ಸಂಬಳದಲ್ಲಿ ಕಾಲುಭಾಗ.

'ಮೂರು ಸುತ್ತಿಗೆ' ಪಬ್ಬಿನ ಅಟ್ಟದಲ್ಲಿ ಹದಿನಾಲ್ಕು ಜನ,
ಪಿಟೀಲಿನವನ ತಾಯಿಯನ್ನೂ ಸೇರಿಸಿ.
ಆಕೆ ಎಲ್ಲರಿಗಿಂತ ಮುಂಚೆ ಚಪ್ಪಾಳೆ ತಟ್ಟಿ
ಎರಡು ಸಲ ಮುಗಿಯದ ಹಾಡನ್ನು ಮುಗಿಸಿಬಿಟ್ಟಳು.
ಮೂಲೆಯಲ್ಲಿ ಬಿಯರಿನ ಹಳೇ ಫ್ರಿಜ್ಜು ಗುರುಗುಟ್ಟುತ್ತಿತ್ತು.
ಯಾರೋ ಪ್ಲಗ್ ಕೀಳಹೋದರು. ಅವನು ಕಮಾನೆತ್ತಿ ತಡೆದ,
ಕಿವಿ ಅತ್ತ ಚಾಚಿ, ಬಿರಟೆ ತಿರುಗಿಸಿ, ತಂತಿಯನ್ನು ಅದಕ್ಕೇ ಸೇರಿಸಿದ.
ಫ್ರಿಜ್ಜು ತಂಬೂರಿಯಾಯಿತು. ನಗಬೇಡಿ,
ಅಷ್ಟು ಶುದ್ಧ ಷಡ್ಜ ನಾನು ಮತ್ತೆ ಕೇಳಿಲ್ಲ.
ನಡುವೆ ಅದು ತಂಪು ಸಾಕೆನಿಸಿ ತಾನಾಗಿ ಸುಮ್ಮನಾದಾಗ
ಅವನು ಕಣ್ಣು ಮುಚ್ಚಿ ಕಾದ. ನಾವೂ ಕಾದೆವು,
ಉಸಿರು ಹಿಡಿದು, ಒಂದು ಫ್ರಿಜ್ಜಿಗಾಗಿ.

ಆ ರಾತ್ರಿಯೇ ಬಸ್ಸು ತಪ್ಪಿದ್ದು.
ಗ್ಲೆನಿಸ್ ಹೈಹೀಲ್ಸ್ ಕೈಲಿ ಹಿಡಿದು ಗುಡ್ಡದುದ್ದಕ್ಕೂ
ಬಾಯಿ ಬಿಡದೆ ಆ ಫ್ರಿಜ್ಜನ್ನೇ ಗುನುಗಿದಳು.
ಒಂದು ಕಿಟಕಿ ತೆರೆದು, ಬೈದು, ಮುಚ್ಚಿಕೊಂಡಿತು.

ಇನ್ನೊಂದಿದೆ, ಇದನ್ನು ಇಫ್ರಾಳಿಗೆ ಹೇಳಲಿಲ್ಲ:
ಶಾಲೆಯ ಜಿಮ್ಮಿನಲ್ಲಿ, ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ, ನಮ್ಮವರ ಕಛೇರಿ.
ಜನವರಿ. ಮೃದಂಗ ಚಳಿಗೆ ಮುನಿದು ಶ್ರುತಿ ಬಿಟ್ಟಿತ್ತು;
ಪದ್ಮನಾಭಯ್ಯ ಅದನ್ನು ಹೀಟರಿಗೆ ಒರಗಿಸಿ
ಜ್ವರದ ಮಗುವಿನ ಹಾಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು.
ನನ್ನದು ಅಡುಗೆಮನೆಯ ಪಾಳಿ. ಅರವತ್ತನಾಲ್ಕು ಸಮೋಸಾ,
ಬಾಗಿಲ ಸಂದಿಯಲ್ಲಿ ಬಂದಷ್ಟೇ ಸಂಗೀತ.
ತನಿ ಶುರುವಾದಾಗ ತಟ್ಟೆಗೆ ಎಂಟೆಂಟರಂತೆ ಇಡುತ್ತಾ ತಾಳ ಹಾಕಿದೆ.
ಅವರು ತಪ್ಪಲಿಲ್ಲ.
ನನ್ನ ಕೊನೆಯ ತಟ್ಟೆಯಲ್ಲಿ ಏಳೇ ಇದ್ದವು.

ಈಗ ಗಾಜಿನ ಗೂಡು. ಒಂದೇ ಕುರ್ಚಿ.
ಇಷ್ಟು ಚಿಕ್ಕ ಸಭಾಂಗಣಕ್ಕೆ ಬಂದವಳೇ ಅಲ್ಲ ನಾನು.
ಕೇಳಿಸಿದಾಗ ಗುಂಡಿ ಒತ್ತಿ, ಎಷ್ಟೇ ಸಣ್ಣಗಿರಲಿ, ಎಂದಳು.
ಬಲಕ್ಕೆ ಚುಕ್ಕಿ ಚುಕ್ಕಿ ಸ್ವರ. ಒತ್ತಿದೆ.
ಎಡಕ್ಕೆ, ಕೋಣನ ಮುಂದೆ ಕಿನ್ನರಿ.
ಕಾದೆ.
ಬಂತು, ದೂರದಿಂದ, ಗುರುಗುಟ್ಟುತ್ತಾ, ಎಳೆಯಾಗಿ.
ಒತ್ತಿದೆ. ಮತ್ತೆ ಒತ್ತಿದೆ,
ಆ ತಾಯಿಯ ಹಾಗೆ, ಎಲ್ಲರಿಗಿಂತ ಮುಂಚೆ.
ಗಾಜಿನಾಚೆ ಇಫ್ರಾ ತಲೆಯೆತ್ತಿದಳು:
ಅದು ನಾನು ಕಳಿಸಿದ್ದಲ್ಲ.

ಶುಕ್ರವಾರಕ್ಕೆ ಗ್ಲೆನಿಸ್ ಎರಡು ಟಿಕೆಟ್ ತಂದಿದ್ದಾಳೆ.
ಈ ಸಲ ಬಲಕ್ಕೆ ನಿಲ್ಲೋಣ ಅಂದಳು, ಹತ್ತಿಯೂ ತರುತ್ತಾಳಂತೆ.
ಹನ್ನೊಂದೂ ಹತ್ತರ ಬಸ್ಸು ನಿಂತುಹೋಗಿ ಆರು ವರ್ಷ,
ಇಬ್ಬರಿಗೂ ಗೊತ್ತು. ಆದರೂ ದೀಪ ಆರಿದೊಡನೆ
ನಮ್ಮ ನಾಲ್ಕು ಕಾಲೂ ಎಡಬಾಗಿಲಿಗೇ ಸರಿಯುತ್ತವೆ.